ಮುಹೂರ್ತಕ್ಕೆ ತೆಗೆದ ಕಂಬ

“ಕಂಬ ನಾಳೆ ತೆಗೆದರೇನು, ಇನ್ನಷ್ಟು ದಿನ ಬಿಟ್ಟು ತೆಗೆದರೇನು ಗುರುಗಳೇ? ಬೀಳುವ ತಾರಸಿ ಯಾವಾಗಲಾದರೂ ಬೀಳುತ್ತದೆ. ನಿಲ್ಲುವುದು ನಿಲ್ಲುತ್ತದೆ.”

ಮನೆ ಕಟ್ಟುವ ವಿದ್ಯೆ ಕಲಿಯುತ್ತಿದ್ದ ಹನುಮೇಶ ಹೀಗೆ ಕೇಳಿದ. ಅವನು ಮೊದಲ ಬಾರಿಗೆ ತನ್ನದೇ ಹೊಣೆಯಲ್ಲಿ ಒಂದು ಮನೆಗೆ ತಾರಸಿ ಹಾಕಿಸಿದ್ದ. ಕಾಂಕ್ರೀಟ್ ಇನ್ನೂ ಬಲಿತಿರಲಿಲ್ಲ. ಅದು ಬಲಿಯುವವರೆಗೆ ಆಸರೆಗೆಂದು ಕೆಳಗೆ ನಿಲ್ಲಿಸಿದ ಕಂಬಗಳನ್ನು ನಾಳೆಯೇ ತೆಗೆ, ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿಯಾಗಿದೆ ಎಂದು ಆ ಮನೆಯವರು ಅವನ ಬೆನ್ನು ಬಿದ್ದಿದ್ದರು. ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಗುರು ಬೋರಲಿಂಗಪ್ಪನವರು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಮೇಸ್ತ್ರಿ. ಕೆಲಸ ಚೊಕ್ಕ, ಮಾತು ನಯ. ಇಲ್ಲ ಎನ್ನಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ಇಂಥವನಿಗೆ ಕೆಲಸಕ್ಕೇನು ಬರ? ಒಬ್ಬ ವ್ಯಾಪಾರಿ ಅವನಿಂದ ಮನೆ ಕಟ್ಟಿಸಿದ. ತಾರಸಿ ಬಲಿಯುವ ಮೊದಲೇ ಮುಹೂರ್ತ ಬಂತು. “ಹೋಮಕ್ಕೆ ಎಲ್ಲಿ ಕೂರೋಣ ಮಾರಾಯ? ನಡುಮನೆ ತುಂಬ ನಿನ್ನ ಕಂಬಗಳೇ!” ಎಂದು ವ್ಯಾಪಾರಿ ರೇಗಿದ. ಮೇಸ್ತ್ರಿ ಕಂಬ ತೆಗೆದ. ಹೋಮವಾಯಿತು, ಊಟವಾಯಿತು, ಏನೂ ಆಗಲಿಲ್ಲ. ವ್ಯಾಪಾರಿ ಖುಷಿಯಿಂದ ಅವನಿಗೆ ಶಾಲು ಹೊದಿಸಿದ. ಮೇಸ್ತ್ರಿ ಮಾತ್ರ ಉಣ್ಣಲಿಲ್ಲ. ಎಲೆಯ ಮುಂದೆ ಕೂತು ತಲೆಯ ಮೇಲಿನ ತಾರಸಿಯನ್ನೇ ನೋಡುತ್ತಿದ್ದ.

ಏನೂ ಆಗಲಿಲ್ಲ ಎಂಬುದೇ ಊರಲ್ಲಿ ಸುದ್ದಿಯಾಯಿತು. ಬೇಗ ಮುಗಿಸಿಕೊಡುವ ಮೇಸ್ತ್ರಿ ಎಂದು ಅವನಿಗೆ ಹೆಸರು ಬಂತು.

ಆಮೇಲೆ ಒಬ್ಬ ನೇಕಾರ ಅವನಿಂದ ಮನೆ ಕಟ್ಟಿಸಿದ. ನೇಕಾರನ ಬಾಣಂತಿ ಮಗಳು ಕೂಸಿನೊಂದಿಗೆ ತವರಿಗೆ ಬರುವವಳಿದ್ದಳು. ಕೂಸನ್ನು ಹೊಸ ಮನೆಯಲ್ಲೇ ತೊಟ್ಟಿಲಿಗೆ ಹಾಕಬೇಕು, ಕಂಬ ತೆಗೆದುಬಿಡಿ ಎಂದ ನೇಕಾರ.

“ಇನ್ನೂ ಸ್ವಲ್ಪ ದಿನ ತಡೀರಿ” ಎಂದ ಮೇಸ್ತ್ರಿ.

“ಸಾಹುಕಾರರ ಮನೆಗೆ ತಡೀಲಿಲ್ಲ. ಬಡವರ ಮನೆಗೆ ಮಾತ್ರ ತಡೀಬೇಕೇನು?”

ಮೇಸ್ತ್ರಿ ಈಗ ಅಲ್ಲಿ ಮಾಡಿದ್ದು ತಪ್ಪು ಎಂದು ಒಪ್ಪಿಕೊಳ್ಳಬೇಕು, ಇಲ್ಲವೇ ಅದನ್ನೇ ಇಲ್ಲೂ ಮಾಡಬೇಕು. ಬಂದ ಹೆಸರನ್ನು ಕಳೆದುಕೊಳ್ಳುವಷ್ಟು ಎದೆಗಾರಿಕೆ ಅವನಲ್ಲಿರಲಿಲ್ಲ. ಕಂಬ ತೆಗೆದ.

ಅದೇ ತಾರಸಿಯ ಕೊಂಡಿಗೆ ತೊಟ್ಟಿಲು ತೂಗುಹಾಕಿದರು. ಹೆಂಗಸರು ಸುತ್ತ ನಿಂತು ಹಾಡಿದರು. ಊಟಕ್ಕೆ ಬನ್ನಿ ಎಂದು ಮೇಸ್ತ್ರಿಯನ್ನು ಕರೆದರು. ಅವನು ಹೊಸಿಲು ದಾಟಲಿಲ್ಲ. ಬೀದಿಯಲ್ಲೇ ಅತ್ತಿಂದಿತ್ತ ತಿರುಗಿದ. ಒಳಗೆ ಏನಾದರೂ ಸದ್ದಾದರೆ ಓಡಿ ಬಂದು ಬಾಗಿಲಲ್ಲಿ ಇಣುಕುತ್ತಿದ್ದ. ಕೂಸು ಅತ್ತರೆ ಹೆದರುತ್ತಿದ್ದ, ಅಳು ನಿಂತರೆ ಇನ್ನೂ ಹೆದರುತ್ತಿದ್ದ.

ಗುರು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು. ಹನುಮೇಶನಿಗೆ ತಡೆಯಲಾಗಲಿಲ್ಲ.

“ಆಮೇಲೆ ಗುರುಗಳೇ? ತಾರಸಿ ಬಿತ್ತೋ, ನಿಂತಿತೋ?”

“ನಿಂತಿತು ಎಂದರೆ, ನೀನು ನಾಳೆ ಕಂಬ ತೆಗೆಯುತ್ತೀಯಾ?”