ಕತ್ತಿ ಕೊಡದ ಬನವ್ವ

ಬೆಂಕಿಯಲ್ಲಿ ಕೂತು ಕಬ್ಬಿಣಕ್ಕೆ ಮೆತ್ತಗಾಗುವುದನ್ನು ಕಲಿಸಿದ ತಾಯಿ ಕಾಳಿಕಾದೇವಿಗೆ ಮೊದಲ ಶರಣು. ಉಸಿರು ಕೊಟ್ಟ ಶಿವನಿಗೆ ಎರಡನೆಯ ಶರಣು. ಮತ್ತೊಬ್ಬರ ಉಸಿರು ಕಾಯ್ದವರಿಗೆ ಮೂರನೆಯ ಶರಣು. ಕೂತುಕೊಳ್ಳಿರಪ್ಪ, ಕೂತುಕೊಳ್ಳಿರವ್ವ. ತಾಯಿ ನುಡಿಸಿದಷ್ಟು ನುಡಿಯುತ್ತೇನೆ.

ಬಹಳ ಹಿಂದೆ, ಡೋಣಿ ಹೊಳೆಯ ದಂಡೆಯ ಒಂದು ಊರಿನಲ್ಲಿ, ಬನವ್ವನೆಂಬ ಕಮ್ಮಾರ ಹೆಣ್ಣುಮಗಳಿದ್ದಳು. ಯಾವ ಅರಸನ ಕಾಲವೆಂದು ಕೇಳಬೇಡಿ. ಕುಲುಮೆ ಇತ್ತು, ಕತ್ತಿ ಇತ್ತು, ದಂಡು ಇತ್ತು, ಅಷ್ಟು ಗೊತ್ತು. ಅವಳು ಸುತ್ತಿಗೆ ಎತ್ತಿದರೆ ಹೊಳೆಯಾಚೆಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವಂತೆ. ಬರಿಗೈಯಲ್ಲೇ ಕೆಂಡ ಒಟ್ಟುತ್ತಿದ್ದಳಂತೆ. ಹಾಗೆ ಹೇಳುತ್ತಾರೆ.

ಅವಳ ಬೆನ್ನಿಗೆ ಹುಟ್ಟಿದ ತಮ್ಮ ಮಾನಪ್ಪ. ದಳವಾಯಿಯ ಕರೆ ಬಂತು, ಊರಿನ ನಲವತ್ತು ಗಂಡಸರ ಜೊತೆ ಅವನೂ ದಂಡಿಗೆ ಹೋದ. ಮೂರು ವರ್ಷಕ್ಕೆ ದಂಡು ಗೆದ್ದು ಬಂತು. ಇಪ್ಪತ್ತಾರು ಮಂದಿ ಬಂದರು, ಮಾನಪ್ಪನೂ ಬಂದ. ಬಂದವನು ಗೋಡೆಗೆ ಮುಖ ಮಾಡಿ ಕೂತ. ಉಣ್ಣು ಅಂದರೆ ಉಂಡ, ಏಳು ಅಂದರೆ ಎದ್ದ. ಗೆದ್ದು ಬಂದವನಿಗೆ ಇನ್ನೇನು ಕಡಿಮೆ ಎಂದು ಊರು ನಕ್ಕಿತು.

ಒಂದು ಮುಂಜಾನೆ ಅವನು ತಾನಾಗಿಯೇ ಬಾಯಿ ಬಿಟ್ಟು, ಅಕ್ಕಾ, ನನ್ನ ಕತ್ತಿಗಿಷ್ಟು ಸಾಣೆ ಹಿಡಿದು ಕೊಡು ಎಂದನಂತೆ. ತಮ್ಮ ಮಾತಾಡಿದನಲ್ಲ ಎಂದು ಬನವ್ವ ಹಿಗ್ಗಿದಳು. ಕೈಯಲ್ಲಿದ್ದ ನೇಗಿಲ ಕುಳ ಬದಿಗಿಟ್ಟಳು. ಮನಸ್ಸಿಟ್ಟು ಹರಿತ ಮಾಡಿ ಕೊಟ್ಟಳು.

ಮರುದಿನ ಮಾನಪ್ಪ ಇರಲಿಲ್ಲ.

ಊರ ಹಿರಿಯರು ಬಂದರು. ಇದು ಹೇಡಿಯ ಸಾವು, ಹೆಣ ಊರ ಅಗಸಿಬಾಗಿಲಲ್ಲಿ ಹಾಯಬಾರದು, ಹೆಸರು ಇನ್ನು ಯಾರ ಬಾಯಲ್ಲೂ ಬರಬಾರದು ಎಂದರು. ಬನವ್ವ ತಲೆ ಎತ್ತಿದಳು.

“ದಂಡಿನ್ಯಾಗ ಬಾಣ ತಾಗಿದ್ದ ಗೌಡರ ಮಗ ಮನಿಗೆ ಬಂದು ಆರು ತಿಂಗಳಿಗೆ ಸತ್ತ. ಅವಗ ಡೊಳ್ಳು ಬಡಿಸಿದ್ರಿ. ನನ್ನ ತಮ್ಮಗ ತಾಗಿದ್ದು ನಿಮ್ಮ ಕಣ್ಣಿಗೆ ಕಾಣಲಿಲ್ಲ. ಅಷ್ಟ ಫರಕು.”

ಚಟ್ಟದ ಒಂದು ತುದಿಗೆ ತಾನೇ ಹೆಗಲು ಕೊಟ್ಟು ಅಗಸಿಬಾಗಿಲಲ್ಲೇ ಹಾಯ್ದಳು. ಶಿವನು ತಾನು ಕೊಟ್ಟ ಮಗನನ್ನು ಹೊರಗೆ ನಿಲ್ಲಿಸುವವನಲ್ಲ. ನಾನಂತೂ ಹಾಗೇ ನಂಬಿದ್ದೇನೆ.

ದಿನಕರ್ಮ ಮುಗಿದ ಮೇಲೆ ಅವಳು ಮನೆಮನೆಗೆ ನಡೆದಳು. ದಂಡಿನಿಂದ ಬಂದ ಕತ್ತಿಗಳನ್ನೆಲ್ಲ ಸಾಣೆಗೆ ಬೇಕೆಂದು ಇಸಿದುಕೊಂಡಳು. ಇಸಿದುಕೊಂಡವಳು ಕುಲುಮೆಯ ಅಟ್ಟದ ಮೇಲಿಟ್ಟು ಒಂದು ಮಾತು ಹೇಳಿದಳು: ತಿರುಗಿ ಬೇಕಾದವನು ಒಬ್ಬನೇ ಬರಬಾರದು. ದಂಡಿನಲ್ಲಿ ಜೊತೆಗೆ ನಡೆದ ಇಬ್ಬರನ್ನು ಕರೆದುಕೊಂಡು ಬರಬೇಕು, ಮೂವರೂ ಕುಲುಮೆಯ ಮುಂದೆ ಒಟ್ಟಿಗೆ ರೊಟ್ಟಿ ತಿನ್ನಬೇಕು. ಆಮೇಲೆ ನೋಡೋಣ.

ಗಂಡಸರಿಗೆ ಬಳೆ ತೊಡಿಸಲಿಕ್ಕೆ ಹೊರಟಾಳ ಎಂದು ಕಟ್ಟೆಯ ಮೇಲಿನವರು ನಕ್ಕರು.

“ಬಳಿ ತೊಟ್ಟ ಕೈನ ನಿಮ್ಮ ಕತ್ತಿ ಬಡದದ್ದು, ಮರೀಬ್ಯಾಡ್ರಿ” ಎಂದು ಬನವ್ವ ಇಕ್ಕಳ ಎತ್ತಿ ತೋರಿಸಿದಳು.

ಒಂದು ದಿನ ದುರುಗನಾಯ್ಕನೆಂಬವನು ಒಬ್ಬನೇ ಬಂದ. ದಂಡಿನಲ್ಲಿ ಅವನಷ್ಟು ಗಟ್ಟಿ ಆಳು ಇರಲಿಲ್ಲವಂತೆ. ಹೊಲಕ್ಕೆ ಹಂದಿ ಬಿದ್ದಾವ, ಕತ್ತಿ ಕೊಡವ್ವ ಎಂದ. ಬನವ್ವ ಅವನ ಕಣ್ಣು ನೋಡಿದಳು. ತಮ್ಮನ ಕಣ್ಣಿನಲ್ಲಿ ತಾನು ನೋಡದೆ ಬಿಟ್ಟದ್ದನ್ನು ಅಲ್ಲಿ ನೋಡಿದಳು.

“ಸಾಯಬೇಕಂತ ಮಾಡೀಯೇನೋ, ಅಣ್ಣಾ?”

ಹೊರಗೆ ನಿಂತಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಂಥ ಮಾತು ಆಡಬ್ಯಾಡ, ಆಡಿದರ ಬರ್ತದ ಅಂದಳು.

“ಬಾಯಿಂದ ಅಂದರ ಬರೂ ಹಂಗಿದ್ರ ಮಳಿ ಯಾವಾಗೋ ಬರ್ತಿತ್ತಬೇ” ಎಂದಳು ಬನವ್ವ, ಕಣ್ಣು ಅವನ ಮೇಲಿಂದ ತೆಗೆಯದೆ.

ದುರುಗನಾಯ್ಕ ಮೊದಲು ನಕ್ಕನಂತೆ. ನಗುತ್ತ ನಗುತ್ತಲೇ ಅತ್ತನಂತೆ. ಹೌದವ್ವ, ಕಣ್ಣು ಮುಚ್ಚಿದರ ಸತ್ತವರೆಲ್ಲಾ ಬಂದು ನಿಂದಿರತಾರ, ನೀ ಯಾಕ ಉಳದಿ ಅಂತಾರ ಎಂದನಂತೆ. ಬನವ್ವ ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಇಲ್ಲಿ ಕೂತು ತಿದಿ ಒತ್ತು, ಕುಲುಮೆ ಆರಬಾರದು ಎಂದು ಕೆಲಸ ಕೊಟ್ಟಳು. ಅವನ ಜೊತೆಗಾರರಿಬ್ಬರಿಗೆ ಹೇಳಿಕಳಿಸಿದಳು. ಅಂದಿನಿಂದ ಆ ಇಬ್ಬರು ಮತ್ತು ಬನವ್ವ, ಈ ಮೂವರಲ್ಲಿ ಒಬ್ಬರಾದರೂ ಅವನ ಪಕ್ಕ ತಪ್ಪದೆ ಇದ್ದರು.

ಮಹಾನವಮಿ ಬಂತು. ಅರಸನ ಮುಂದೆ ದಂಡು ನಡೆಸಬೇಕೆಂದು ದಳವಾಯಿ ಕುದುರೆ ಏರಿ ಬಂದ. ಒಬ್ಬ ಹೆಂಗಸು ದಂಡಿನವರ ಕತ್ತಿ ಕೂಡಿಹಾಕಿದ್ದಾಳೆಂದು ಕೇಳಿ ಕೆಂಡವಾದ. ಕುಲುಮೆಯ ಮುಂದೆ ಕುದುರೆ ನಿಲ್ಲಿಸಿ, ಬನವ್ವನ ಕಡೆ ತಿರುಗಿಯೂ ನೋಡದೆ, ದುರುಗನಾಯ್ಕಾ, ನಿನ್ನ ಕತ್ತಿ ತಗೊಂಡು ಹೊರಗ ಬಾ ಎಂದು ಕೂಗಿದ.

ಬನವ್ವ ಹೊಸ್ತಿಲಲ್ಲಿ ನಿಂತಳು. ಆದರೆ ಅವಳು ಬಾಯಿ ತೆರೆಯುವ ಮೊದಲೇ ತಿದಿಯ ಸದ್ದು ನಿಂತಿತು. ದುರುಗನಾಯ್ಕ ಬರಿಗೈಯಲ್ಲಿ ಹೊರಗೆ ಬಂದ.

“ಅದು ನನ್ನ ಕೈಗೆ ಬಂದ್ರ ನಾ ಉಳಿಯಾಂಗಿಲ್ಲ, ಒಡೆಯಾ. ಇಲ್ಲೇ ಇರಲಿ.”

ಅಷ್ಟು ಮಂದಿಯ ಎದುರಿಗೆ, ಅಷ್ಟು ಗಟ್ಟಿ ಆಳು, ಹಾಗೆ ಹೇಳಿದ. ಆಮೇಲೆ ಗುಂಪಿನೊಳಗಿಂದ ಒಂದು ದನಿ, ನಂದೂ ಇಲ್ಲೇ ಇರಲಿ ಎಂದಿತು. ಮತ್ತೊಂದು, ನಂದೂ ಎಂದಿತು. ಒಂಬತ್ತು ಮಂದಿ ಎಂದು ಕೆಲವರು ಹೇಳುತ್ತಾರೆ, ಹನ್ನೊಂದು ಎಂದು ಕೆಲವರು. ಯಾರಿಗೂ ತಿಳಿದಿರಲಿಲ್ಲ, ಹೆಂಡಂದಿರಿಗೂ ತಿಳಿದಿರಲಿಲ್ಲ.

ಆಗ ಬನವ್ವ, ಹಾಜರಿ ಕರೀರಿ ದಳವಾಯಿಗಳೇ ಎಂದಳು. ರಣದಲ್ಲಿ ಬಿದ್ದವರ ಹೆಸರು ಕರೆಯುತ್ತೀರಿ, ಮನೆಗೆ ಬಂದು ಬಿದ್ದವರದ್ದೂ ಕರೆಯಿರಿ, ನನ್ನ ಮಾನಪ್ಪನಿಂದ ಸುರು ಮಾಡಿರಿ, ಅಲ್ಲಿಯತನಕ ಈ ಹೊಸ್ತಿಲು ದಾಟಗೊಡುವುದಿಲ್ಲ ಎಂದಳು. ಕುದುರೆ ತಾನಾಗಿ ಮಂಡಿಯೂರಿತು ಎನ್ನುತ್ತಾರೆ; ದಳವಾಯಿ ತಾನೇ ಇಳಿದ ಎನ್ನುವವರೂ ಇದ್ದಾರೆ. ಅಂತೂ ನೆಲದ ಮೇಲೆ ನಿಂತು, ರುಮಾಲು ತೆಗೆದು, ಮಾನಪ್ಪನ ಹೆಸರು ಕರೆದ.

ಬನವ್ವ ಎಲ್ಲರನ್ನೂ ಉಳಿಸಿದಳು ಎಂದು ಹೇಳುವವರುಂಟು. ದೇವರ ಮುಂದೆ ಕೂತು ಸುಳ್ಳು ಹೇಳಲಾರೆ. ಮುಂದೆ ಇಬ್ಬರು ಕೈ ತಪ್ಪಿದರು. ಅವಳು ಆ ಇಬ್ಬರನ್ನೂ ಅಗಸಿಬಾಗಿಲಲ್ಲೇ ಹೊತ್ತಳು. ದುರುಗನಾಯ್ಕ ಮಾತ್ರ ಮೊಮ್ಮಕ್ಕಳ ಮದುವೆ ಉಂಡು, ಹಲ್ಲೆಲ್ಲ ಉದುರಿಸಿಕೊಂಡು, ಬೆಚ್ಚಗೆ ಹಾಸಿಗೆಯಲ್ಲಿ ಹೋದನಂತೆ.

ಈಗಲೂ ಆ ಊರಿಗೆ ಯಾರಾದರೂ ದಂಡಿನ ಕೆಲಸ ಮುಗಿಸಿ ಬಂದರೆ, ಹಾರ ಹಾಕುವವರು ಹಾಕಿ ಹೋದ ಮೇಲೆ, ಇಬ್ಬರು ಉಳಿದುಕೊಳ್ಳುತ್ತಾರೆ. ರೊಟ್ಟಿ ತಂದಿರುತ್ತಾರೆ. ಅವನ ಜೊತೆ ಉಂಡು, ಮುಖ ನೋಡಿ, ಬನವ್ವ ಕೇಳಿದ್ದನ್ನೇ ಬಾಯಿ ಬಿಟ್ಟು ಕೇಳುತ್ತಾರೆ. ಇಲ್ಲ ಎಂದರೂ ಮುಂದಿನ ಅಮಾವಾಸ್ಯೆಗೆ ಮತ್ತೆ ಬಂದು ಕೇಳುತ್ತಾರೆ. ಹೌದು ಎಂದರೆ ಅವತ್ತು ಅವರು ಮನೆಗೆ ಹೋಗುವುದಿಲ್ಲ.

ಕೇಳಿದಿರಲ್ಲ, ನನ್ನಪ್ಪಗಳಿರಾ, ನನ್ನವ್ವಗಳಿರಾ. ನಿಮ್ಮ ಮನೆಯ ಒಲೆ ತಣ್ಣಗಾಗದಿರಲಿ. ಭಾರ ಹೊತ್ತವರಿಗೆ ಕೇಳುವ ಕಿವಿ ಸಿಗಲಿ, ಕೇಳುವವರಿಗೆ ಎದೆಗಾರಿಕೆ ಸಿಗಲಿ. ತಾಯಿ ಕಾಳಿಕಾದೇವಿ ನಿಮ್ಮೆಲ್ಲರನ್ನೂ ನೂರು ವರ್ಷ ನಿಮ್ಮ ನಿಮ್ಮವರ ನಡುವೆ ಇಡಲಿ.