ಕೊಸರಿನ ಬಟ್ಟಲು

ಸಂತೆಪೇಟೆಗೆ ಹೊಸ ನಿಯಮಗಳನ್ನು ರೂಪಿಸುವ ಕೆಲಸ ಚನ್ನವೀರನ ಪಾಲಿಗೆ ಬಂದಿತ್ತು. ಹೊರಡುವ ಮುನ್ನ ಅವನು ಗುರುಗಳನ್ನು ಕೇಳಿದ: "ಗುರುಗಳೇ, ಜನರಿಗೆ ಅನ್ಯಾಯವಾಗಬಾರದೆಂದು ಮಾಡುವ ನಿಯಮ ಎಷ್ಟಿದ್ದರೂ ಒಳ್ಳೆಯದೇ ಅಲ್ಲವೇ?"

ಗುರುಗಳು ಹೇಳಿದರು:

ನಾನು ಚಿಕ್ಕವನಿದ್ದಾಗ ನಮ್ಮ ಸಂತೆಯಲ್ಲಿ ಒಬ್ಬ ಹೆಂಗಸು ಮಂಡಕ್ಕಿ ಮಾರುತ್ತಿದ್ದಳು. ಸೇರು ಅಳೆದು ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದಳು. ಮನೆಯಲ್ಲಿ ಮಕ್ಕಳು ಹೆಚ್ಚಿದ್ದವರಿಗೆ ಎರಡು ಹಿಡಿ. ಜಗಳವಾಡಿದವರಿಗೆ ಅರ್ಧ ಹಿಡಿ. "ಇನ್ನೊಂದು ಹಿಡಿ ಹಾಕಕ್ಕ, ಕೈಯೇನು ಸವೆದು ಹೋಗುತ್ತಾ?" ಎಂದು ಜನ ಕಾಡುತ್ತಿದ್ದರು. ಅವಳು ಬೈಯುತ್ತಲೇ ಹಾಕುತ್ತಿದ್ದಳು. ಆ ಬೈಗುಳ ಕೇಳದಿದ್ದರೆ ಸಂತೆಗೆ ಹೋಗಿ ಬಂದಂತೆಯೇ ಅನ್ನಿಸುತ್ತಿರಲಿಲ್ಲ. ಎಷ್ಟು ಚೆನ್ನಾಗಿತ್ತಪ್ಪಾ ಆ ಕಾಲ!

ಒಮ್ಮೆ ಒಬ್ಬ ರೈತ ದೊರೆಯ ಬಳಿಗೆ ದೂರು ಒಯ್ದ. ಪಕ್ಕದ ಮನೆಯವನಿಗೆ ಸಿಕ್ಕಷ್ಟು ಕೊಸರು ತನಗೆ ಸಿಗಲಿಲ್ಲವಂತೆ. ದೊರೆ ನ್ಯಾಯವಂತ. ಎಲ್ಲರಿಗೂ ಸಮನಾಗಿ ಒಂದೊಂದು ಹಿಡಿ ಹಾಕಬೇಕೆಂದು ಅಪ್ಪಣೆ ಮಾಡಿದ. ಆದರೆ ಎಲ್ಲ ವ್ಯಾಪಾರಿಗಳ ಕೈಯೂ ಒಂದೇ ಗಾತ್ರ ಇರುವುದಿಲ್ಲವಲ್ಲ! ಹಿಡಿಯ ಬದಲು ಅರಮನೆಯ ಮುದ್ರೆಯಿದ್ದ ಹಿತ್ತಾಳೆಯ ಬಟ್ಟಲು ಬಂತು. ಬಟ್ಟಲನ್ನು ಪರೀಕ್ಷಿಸಲು ಒಬ್ಬ ಅಧಿಕಾರಿ ಬಂದ. ಅವನ ಸಂಬಳಕ್ಕೆಂದು ಪ್ರತಿ ಅಂಗಡಿಯ ಮೇಲೂ ತೆರಿಗೆ ಬಿತ್ತು.

ಅದೇ ಸಂತೆಯಲ್ಲಿ ಮಂಡಕ್ಕಿ ಮಾರುತ್ತಿದ್ದ ದೊಡ್ಡ ವರ್ತಕನೊಬ್ಬನಿಗೆ ಇದು ಲೆಕ್ಕಕ್ಕೇ ಬರಲಿಲ್ಲ. ಬಟ್ಟಲು ಹಿಡಿಯಲೆಂದೇ ಒಬ್ಬ ಆಳನ್ನಿಟ್ಟ. ಮಂಡಕ್ಕಿಯವಳು ಮಾತ್ರ ಇದ್ದೊಬ್ಬ ಹುರಿಯುವ ಆಳನ್ನು ಬಿಡಿಸಬೇಕಾಯಿತು. ಅವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಊರು ಬಿಟ್ಟ. ತಾನೇ ಭಟ್ಟಿಯ ಮುಂದೆ ಕೂತರೂ ಅವಳಿಗೆ ಸರಿದೂಗಲಿಲ್ಲ, ಬೆಲೆ ಏರಿಸಿದಳು. ಪುಕ್ಕಟೆ ಸಿಗುತ್ತಿದ್ದ ಕೊಸರಿಗೆ ಜನ ತಮಗೆ ಗೊತ್ತಿಲ್ಲದಂತೆ ದುಡ್ಡು ಕೊಡತೊಡಗಿದರು.

ಒಂದು ಸಂತೆಯ ದಿನ, ಯಾವಾಗಲೂ ಎರಡು ಹಿಡಿ ಒಯ್ಯುತ್ತಿದ್ದ ಬಡವಿಯೊಬ್ಬಳು ಬಂದಳು. ಸೇರು ಸುರಿದಾಯಿತು, ಬಟ್ಟಲೂ ಸುರಿದಾಯಿತು. ಅವಳು ಒಡ್ಡಿದ ಸೆರಗನ್ನು ತೆಗೆಯಲಿಲ್ಲ. ಮಂಡಕ್ಕಿಯವಳ ಕೈ ತಾನಾಗಿಯೇ ರಾಶಿಗೆ ಹೋಯಿತು. ಎದುರಿಗೇ ನಿಂತಿದ್ದ ಅಧಿಕಾರಿ ಕೆಮ್ಮಿದ. ಕೈ ಹಿಂದಕ್ಕೆ ಬಂತು.

"ಯಾಕಕ್ಕ, ನನ್ನ ಮೇಲೆ ಸಿಟ್ಟಾ?" ಎಂದಳು ಬಡವಿ.

"ಸಿಟ್ಟಿದ್ದರೂ ಅಷ್ಟೇ, ಪ್ರೀತಿಯಿದ್ದರೂ ಅಷ್ಟೇ ಕಣವ್ವ. ಬಟ್ಟಲು ಇರೋದೇ ಇಷ್ಟು."

ಮುಂದಿನ ಸಂತೆಗೆ ಮಂಡಕ್ಕಿಯವಳು ಬರಲಿಲ್ಲ. ಆಮೇಲೂ ಬರಲಿಲ್ಲ. ಜನ ವರ್ತಕನ ಅಂಗಡಿಯ ಮುಂದೆ ಸಾಲಾಗಿ ನಿಂತರು. ಅಲ್ಲಿ ಯಾರಿಗೂ ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಬೈಯುವವರೂ ಇಲ್ಲ. ದೊರೆಯ ಬಳಿಗೆ ಮತ್ತೆ ಒಂದು ದೂರೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ.

"ಒಂದು ಹಿಡಿಗೆ ಕಣ್ಣು ಮುಚ್ಚಿಕೊಳ್ಳಬಾರದಿತ್ತೇ? ಆ ಅಧಿಕಾರಿ ಎಂಥ ಕಲ್ಲುಮನಸ್ಸಿನವನು ಗುರುಗಳೇ!"

"ಇಲ್ಲಪ್ಪ, ಅವನೂ ನಿನ್ನ ಹಾಗೆ ಒಳ್ಳೆಯವನೇ, ಅವಳ ಕೊಸರು ತಿಂದೇ ಬೆಳೆದವನು."