ಬಚ್ಚಲ ಹಿಂದಿನ ಗಿಡ

“ಗುರುಗಳೇ, ಗುರುಬಸುವನ್ನು ಊರಿಗೆ ಕಳಿಸಿಬಿಡಬಾರದೇಕೆ?” ಎಂದು ರೇವಣ್ಣ ಜೊತೆಯ ಶಿಷ್ಯನ ಬಗ್ಗೆ ಕೇಳಿದ. “ನನ್ನನ್ನು ಹಿಡಿದು ಕೂರಿಸಿ ಒಂದೇ ಪಾಠವನ್ನು ಹತ್ತು ಸಲ ಹೇಳಿಸುತ್ತಾನೆ. ಅವನ ತಲೆಗೂ ಹತ್ತುವುದಿಲ್ಲ, ನನ್ನನ್ನೂ ಮುಂದೆ ಹೋಗಲು ಬಿಡುವುದಿಲ್ಲ.”

ಮಠದ ಶಿಷ್ಯರಲ್ಲಿ ರೇವಣ್ಣನೇ ಚುರುಕು. ಅದು ಗುರುಗಳಿಗೂ ಗೊತ್ತಿತ್ತು, ರೇವಣ್ಣನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಗುರುಗಳು ಅದಕ್ಕೆ ಉತ್ತರವಾಗಿ ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹಿತ್ತಲಲ್ಲಿ ಮುಸುಕಿನ ಜೋಳದ ಒಂದು ಹಳೆಯ ತಳಿ ಬೆಳೆಯುತ್ತಿತ್ತು. ಒಂದೇ ತೆನೆಯಲ್ಲಿ ಕೆಂಪು, ಕಪ್ಪು, ಬಿಳಿ, ಹಳದಿ ಕಾಳು. ಆ ಬೀಜ ಬೇರೆಲ್ಲೂ ಇರಲಿಲ್ಲ. ಹೊಸ ಸೊಸೆ ಹೊಸ್ತಿಲು ದಾಟಿದ ದಿನ ಅತ್ತೆ ಅವಳ ಮಡಿಲಿಗೆ ಒಂದು ಹಿಡಿ ಆ ಕಾಳು ಸುರಿಯುವುದು ಆ ಮನೆಯ ಪದ್ಧತಿ. ಅಂದಿನಿಂದ ಬೀಜ ಕಾಯುವುದು ಸೊಸೆಯ ಪಾಲು. ಆ ವರ್ಷ ರೈತನಿಗೇ ಮದುವೆ ಗೊತ್ತಾಗಿತ್ತು, ಕೊಯ್ಲು ಕಳೆದ ಮೇಲೆ.

ತಾಯಿ, ಮನೆಯಲ್ಲಿದ್ದ ಬೀಜವನ್ನೆಲ್ಲ ಹಿತ್ತಲಲ್ಲಿ ಬಿತ್ತಿ, ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋದಳು. ಗಿಡಗಳು ಎದ್ದವು. ಒಂದು ಮಾತ್ರ ಎಲ್ಲವನ್ನೂ ಮೀರಿ ಆಳೆತ್ತರ ಬೆಳೆಯಿತು. ಉಳಿದವು ಕುಳ್ಳು, ಸೊಟ್ಟ, ಸೋಮಾರಿ. ಅವನ್ನು ಕಂಡರೆ ರೈತನಿಗೆ ಮೈ ಉರಿಯುತ್ತಿತ್ತು. ಮದುಮಗಳ ಮಡಿಲಿಗೆ ಇಂಥವುಗಳ ಕಾಳು ಬೀಳುವುದೇ? ಗೊಬ್ಬರ, ನೀರು ಎಲ್ಲ ಆ ಒಂದಕ್ಕೇ ಸಿಗಲಿ ಎಂದು ಉಳಿದವನ್ನು ಬುಡಸಮೇತ ಕಿತ್ತು ಹಸುವಿಗೆ ಹಾಕಿದ. ಬಚ್ಚಲ ಹಿಂದಿನ ಒಂದು ನರಪೇತಲ ಗಿಡ ಮಾತ್ರ ಅವನ ಕಣ್ಣು ತಪ್ಪಿಸಿ ಉಳಿಯಿತು.

ಎತ್ತರದ ಗಿಡಕ್ಕೆ ಎಲ್ಲದರಲ್ಲೂ ಅವಸರ. ತಲೆಯ ಮೇಲೆ ಬೇಗನೆ ಹೂ ತೆಗೆಯಿತು, ಹೂವಿನ ಹಳದಿ ಧೂಳನ್ನು ಉದುರಿಸಿ ಮುಗಿಸಿತು. ಆಮೇಲೆ ಅದರ ತೆನೆ ಕೂದಲು ಬಿಟ್ಟಿತು. ತೆನೆ ಗೇಣುದ್ದ ಬೆಳೆಯಿತು. ರೈತ ದಿನಕ್ಕೆ ಮೂರು ಸಲ ಹೋಗಿ ಅದನ್ನು ಮುಟ್ಟಿ ನೋಡಿ ಬೀಗುತ್ತಿದ್ದ.

ಕೊಯ್ಲಿನ ಹೊತ್ತಿಗೆ ತಾಯಿ ಬಂದಳು. ಅವಳ ಮುಂದೆಯೇ ರೈತ ತೆನೆಯ ಮುಸುಕು ಬಿಡಿಸಿದ. ಒಳಗೆ ಬರೀ ಬೆಂಡು. ಅವನು ತಲೆತಲಾಂತರದಿಂದ ಬಂದದ್ದು ತನ್ನ ಕೈಯಲ್ಲಿ ಮುಗಿಯಿತಲ್ಲ ಎಂದು ಅಲ್ಲೇ ಕುಸಿದು ಕೂತ.

“ತಿರುಗಿಸಿ ನೋಡೋ” ಎಂದಳು ತಾಯಿ.

ತೆನೆಯ ಇನ್ನೊಂದು ಮಗ್ಗುಲಲ್ಲಿ ಕಾಳಿತ್ತು. ಕೆಂಪು, ಕಪ್ಪು, ಬಿಳಿ, ಹಳದಿ, ಒಂದು ಹಿಡಿಯಾಗುವಷ್ಟು. ಒಂದೊಂದು ಕಾಳಿನಿಂದಲೂ ಒಂದೊಂದು ಒಣಗಿದ ಎಳೆ ಹೊರಟು ಮುಸುಕಿನ ತುದಿಯವರೆಗೆ ಹೋಗಿತ್ತು.

“ಒಂದು ಕೂದಲಿಗೆ ಒಂದು ಕಾಳು ಕಣಪ್ಪ. ಅದೂ ಹೂವಿನ ಧೂಳು ಬಿದ್ದ ಕೂದಲಿಗೆ ಮಾತ್ರ. ನಿನ್ನ ದೊಡ್ಡ ಗಿಡದ ಧೂಳು ಕೂದಲು ಬರೋಕೆ ಮೊದಲೇ ಮಣ್ಣುಪಾಲಾಗಿತ್ತು. ಈ ಕಾಳು ಯಾರು ಕೊಟ್ಟದ್ದು, ನೋಡು ಅಲ್ಲಿ.”

ರೈತ ಬಚ್ಚಲ ಕಡೆ ನೋಡಿದ. ಆ ನರಪೇತಲ ಗಿಡ ತನಗಾಗಿ ಒಂದು ತೆನೆಯನ್ನೂ ಕಟ್ಟಿರಲಿಲ್ಲ. ದೊಡ್ಡ ಗಿಡದ ಧೂಳು ಮುಗಿದ ಮೇಲೆ, ತಡವಾಗಿ, ಒಂದು ಹೂ ತೆಗೆದು ನಿಂತಿತ್ತು, ಅಷ್ಟೇ. ಅದರ ಧೂಳು ಗಾಳಿಯಲ್ಲಿ ಹಿತ್ತಲು ದಾಟಿ ಬಂದು, ಕಾದು ನಿಂತ ಒಂದೊಂದು ಕೂದಲಿನ ಮೇಲೂ ಕೂತು, ಒಳಗಿಳಿದು ಕಾಳಾಗಿತ್ತು. ರೈತ ಎದ್ದು ಹೋಗಿ ಆ ಗಿಡಕ್ಕೆ ಕೈಮುಗಿದ. ಮದುವೆಯ ದಿನ ಸೊಸೆಯ ಮಡಿಲಿಗೆ ಬಿದ್ದದ್ದು ಅದೇ ಕಾಳು.

“ಎಂಥ ಅದ್ಭುತ, ಗುರುಗಳೇ!” ಎಂದ ರೇವಣ್ಣ. ಕತೆ ಅವನಿಗೆ ಬಹಳ ಹಿಡಿಸಿತ್ತು. ಅದು ಯಾರ ಕತೆ ಎಂದು ಮಾತ್ರ ಇನ್ನೂ ಹೊಳೆದಿರಲಿಲ್ಲ.

ಗುರುಗಳು ಮೆಲ್ಲಗೆ ಕೇಳಿದರು: “ನಿನ್ನೆ ಎಲ್ಲರ ಮುಂದೆ ಒಂದಕ್ಷರ ತಡವರಿಸದೆ ಪಾಠ ಒಪ್ಪಿಸಿದೆಯಲ್ಲ, ಅದನ್ನು ಗುರುಬಸು ನಿನ್ನಿಂದ ಎಷ್ಟು ಸಲ ಹೇಳಿಸಿಕೊಂಡಿದ್ದ?”